ಮರಗೆಣಸಿಲ್ಲದ ಮಾಂಸದ ಊಟ



ಮನೆಭೇಟಿಗೆ ಬಂದ ಗುರುಗಳು ಊಟ ಬೇಡವೆಂದರೆ ಮನೆಯವರಿಗೆ ನೋವು; ಬಡಿಸಿದ್ದನ್ನೆಲ್ಲ ಉಂಡರೆ ಗುರುಗಳ ಹೊಟ್ಟೆಗೆ ನೋವು. ಈ ಸಂಕಟ ನಮಗೆ ಹೊಸದಲ್ಲ. ಆದರೆ ಎರಡು ವರ್ಷಗಳ ಹಿಂದೆ ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆಯ ಅಂಶ ಗಡಿಯ ಮೇಲೆ ಬಂದು ನಿಂತಿದೆ, ಎಚ್ಚರವಾಗಿರಿ ಎಂದು ವೈದ್ಯರು ಹೇಳಿದರು. ಅಂದಿನಿಂದ ಬಡಿಸುವ ಕೈಗಳನ್ನು ನಾವು ಸ್ವಲ್ಪ ಹೆದರಿಕೆಯಿಂದಲೇ ನೋಡತೊಡಗಿದೆವು. ಅನ್ನ ಕಡಿಮೆ ಹಾಕಿ ಎಂದರೆ, "ಮಾಂಸ ಮಾಡಿದ್ದೇವಲ್ಲ ಫಾದರ್, ಅನ್ನವಿಲ್ಲದೆ ಅದನ್ನು ಹೇಗೆ ತಿನ್ನುತ್ತೀರಿ?" ಎಂಬ ಪ್ರಶ್ನೆ. ಆ ಪ್ರಶ್ನೆಗೆ ನಮಗೆ ಉತ್ತರ ಸಿಕ್ಕಿದ್ದು ವಯನಾಡಿನ ಒಂದು ಅಡುಗೆಮನೆಯಲ್ಲಿ.

ಗುರುಮಠದಲ್ಲಿ ನಮ್ಮ ಜೊತೆ ಓದಿದ ಮಿತ್ರರೊಬ್ಬರು ಮಾನಂತವಾಡಿಯ ಸಮೀಪದ ಧರ್ಮಕೇಂದ್ರವೊಂದರಲ್ಲಿದ್ದಾರೆ. ಕಳೆದ ವರ್ಷ ಪಾಸ್ಖ ಹಬ್ಬದ ಗದ್ದಲ ಮುಗಿದ ಮೇಲೆ ಮೂರು ದಿನ ಬಂದಿದ್ದು ಹೋಗಿ ಎಂದು ಕರೆದರು. ಎಚ್.ಡಿ. ಕೋಟೆ, ಅಂತರಸಂತೆ, ಕಾಕನಕೋಟೆ ಕಾಡು ದಾಟಿ ಬಾವಲಿಯ ಗಡಿಯಲ್ಲಿ ಇಳಿದರೆ ಸಾಕು, ಕರಿಮೆಣಸಿನ ಬಳ್ಳಿ ಹಬ್ಬಿದ ಮರಗಳು, ಕಾಫಿ ಗಿಡಗಳು, ನಡುವೆ ಮರಗೆಣಸಿನ ತೋಟಗಳು ಕಾಣುತ್ತವೆ. ಕಾಡಿನ ರಸ್ತೆ ರಾತ್ರಿ ಮುಚ್ಚುವುದರಿಂದ ಬೆಳಕಿರುವಾಗಲೇ ಸೇರಿಕೊಂಡೆವು.

ಮೊದಲ ಸಂಜೆಯೇ ಒಂದು ಮನೆಯಲ್ಲಿ ಊಟ. ಮನೆಯ ಹಿರಿಯರನ್ನು ಎಲ್ಲರೂ ಅಪ್ಪಚ್ಚನ್ ಎನ್ನುತ್ತಾರೆ, ಎಪ್ಪತ್ತರ ಆಸುಪಾಸು. ವರ್ಷಗಟ್ಟಲೆ ನಮ್ಮ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆದವರು. ಅವರ ಕನ್ನಡ ಶುಂಠಿಯ ಹೊಲದಲ್ಲೇ ಕಲಿತದ್ದು, ಆದ್ದರಿಂದ ಸ್ವಲ್ಪ ಖಾರವಾಗಿಯೇ ಇದೆ. ಮೇಜಿನ ನಡುವೆ ದೊಡ್ಡ ಪಾತ್ರೆಯ ತುಂಬ ಎಲುಬಿನ ಮಾಂಸ ಸೇರಿಸಿ ಬೇಯಿಸಿದ ಮರಗೆಣಸು. ನಮಗೂ ನಮ್ಮ ಮಿತ್ರರಿಗೂ ಬಟ್ಟಲು ತುಂಬಿತು. ಅಪ್ಪಚ್ಚನ್ ಮಾತ್ರ ಮೇಜಿನ ಕೊನೆಯಲ್ಲಿ ಗೋಧಿ ನುಚ್ಚಿನ ಗಂಜಿ ಇಟ್ಟುಕೊಂಡು ಕುಳಿತಿದ್ದರು. ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ. ಹಿಂದಿನ ವರ್ಷ ಗಾಯ ಮಾಯದೆ ಎಡಗಾಲಿನ ಹೆಬ್ಬೆರಳು ತೆಗೆಸಬೇಕಾಗಿ ಬಂತಂತೆ.

"ಅಚ್ಚಾ, ಈ ಮನೆಯಲ್ಲಿ ಎಲ್ಲರಿಗೂ ಊಟ, ನನಗೆ ಮಾತ್ರ ಮದ್ದು" ಎಂದು ನಕ್ಕರು. ನಗು ಬಾಯಲ್ಲಿತ್ತು, ಕಣ್ಣು ಪಾತ್ರೆಯ ಮೇಲಿತ್ತು. ಅಮ್ಮಚ್ಚಿ ಎದ್ದು ಅಡುಗೆಮನೆಗೆ ಹೋದರು.

ಈ ಮರಗೆಣಸಿನ ವಿಷಯ ಸುಲಭವಾಗಿ ಮಾತಾಡುವಂಥದ್ದಲ್ಲ. ದಕ್ಷಿಣ ಅಮೆರಿಕದಿಂದ ಬಂದ ಈ ಗೆಡ್ಡೆಯನ್ನು ತಿರುವಾಂಕೂರಿನಲ್ಲಿ ಬಡವರ ಹೊಟ್ಟೆ ತುಂಬಿಸಲೆಂದು ಬೆಳೆಸಲು ಪ್ರೋತ್ಸಾಹ ಕೊಟ್ಟವರು 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು. ಎರಡನೆಯ ಮಹಾಯುದ್ಧದಲ್ಲಿ 1942ರಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಾಗ ಎಷ್ಟೋ ಮನೆಗಳನ್ನು ಉಳಿಸಿದ್ದು ಇದೇ. ಅದೇ ಕಾಲದಲ್ಲಿ ಮೀನಚ್ಚಿಲ್, ಪಾಲಾ ಕಡೆಯ ಕ್ರೈಸ್ತ ರೈತರು ಗುಂಪು ಗುಂಪಾಗಿ ಮಲಬಾರಿಗೆ, ವಯನಾಡಿನ ಕಾಡಿಗೆ ಬಂದರು. ಮಲೇರಿಯ ಅನೇಕರನ್ನು ಕೊಂದಿತು. ಉಳಿದವರು ಕಾಡು ಕಡಿದು ಮೊದಲು ನೆಟ್ಟದ್ದರಲ್ಲಿ ಮರಗೆಣಸು ಒಂದು. ಅಪ್ಪಚ್ಚನ್ ಅವರ ತಂದೆತಾಯಿಯೂ ಹಾಗೆ ಬಂದವರೇ. ಬೆಳಗಿನಿಂದ ಸಂಜೆಯವರೆಗೆ ಗುದ್ದಲಿ ಹಿಡಿದ ಮೈಗೆ ಆ ಪಿಷ್ಟವೆಲ್ಲ ಉರಿದು ಶಕ್ತಿಯಾಗುತ್ತಿತ್ತು. ಈಗ ಗುದ್ದಲಿ ಹಿಡಿಯುವವರು ಬೇರೆ, ಬಟ್ಟಲು ಮಾತ್ರ ಅಷ್ಟೇ ದೊಡ್ಡದು. ಹೆತ್ತವರನ್ನು ಬದುಕಿಸಿದ ಊಟವನ್ನು ಮಗನ ತಟ್ಟೆಯಿಂದ ತೆಗೆಯಿರಿ ಎಂದು ಹೇಳುವ ಬಾಯಿ ಯಾರದು?

ಆದರೂ ಲೆಕ್ಕ ಲೆಕ್ಕವೇ. ಬೆಂದ ಮರಗೆಣಸು ನೂರು ಗ್ರಾಂನಲ್ಲಿ ಹೆಚ್ಚುಕಡಿಮೆ 38 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ನಮ್ಮ ಶಾಲೆಯ ಪುಸ್ತಕದ ಮಾತಿನಲ್ಲಿ ಶರ್ಕರಪಿಷ್ಟ. ಅನ್ನದಲ್ಲಿ ನೂರಕ್ಕೆ ಸುಮಾರು 28 ಗ್ರಾಂ. ನಮ್ಮ ಬಟ್ಟಲಿನಲ್ಲಿ ಆ ದಿನ ಕಾಲು ಕಿಲೋ ಮರಗೆಣಸಾದರೂ ಇತ್ತು, ಅಂದರೆ ತೊಂಬತ್ತು ಗ್ರಾಂಗೂ ಮೀರಿದ ಪಿಷ್ಟ. ಪಕ್ಕದಲ್ಲಿದ್ದ ಮಾಂಸದಲ್ಲಿ? ಇಲ್ಲವೆಂದೇ ಹೇಳಬಹುದು. ಸಕ್ಕರೆ ಕಾಯಿಲೆ ಎಂದೊಡನೆ ಮನೆಯವರು ಮೊದಲು ನಿಲ್ಲಿಸುವುದು ಮಾಂಸವನ್ನು, ಬದಲಿಗೆ ಕೊಡುವುದು ಗೋಧಿ ಗಂಜಿಯನ್ನು. ಗೋಧಿಯಲ್ಲೂ ನೂರಕ್ಕೆ ಎಪ್ಪತ್ತು ಗ್ರಾಂ ಪಿಷ್ಟವೇ. ನಾರು ಸ್ವಲ್ಪ ಹೆಚ್ಚಿರುವುದು ನಿಜ, ಆದರೆ ಬಟ್ಟಲುಗಟ್ಟಲೆ ಕುಡಿದರೆ ಅಕ್ಕಿಗೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ನಮ್ಮ ಕಡೆ ರಾಗಿಯ ಮೇಲೆ ಇಂಥದೇ ಕುರುಡು ನಂಬಿಕೆ ಇದೆ. ಎರಡು ದೊಡ್ಡ ಮುದ್ದೆ ನುಂಗಿ "ರಾಗಿ ತಾನೇ ಫಾದರ್" ಎನ್ನುವವರು ನಮ್ಮ ಧರ್ಮಕೇಂದ್ರದಲ್ಲೇ ಇದ್ದಾರೆ. ಹೆಸರು ಹೇಳುವುದಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಹತ್ತು ಕೋಟಿಗೂ ಮೀರಿದ ಜನರಿಗೆ ಮಧುಮೇಹ; ಕೇರಳದ ವಯಸ್ಕರಲ್ಲಿ ನೂರಕ್ಕೆ 25.5 ಮಂದಿಗೆ. ಅಂದರೆ ನಾಲ್ಕು ಜನ ಕುಳಿತ ಮೇಜಿನಲ್ಲಿ ಒಬ್ಬರು ಅಪ್ಪಚ್ಚನ್ ಇದ್ದೇ ಇರುತ್ತಾರೆ.

ಮಗಳ ಅಡುಗೆ

ಆ ಮನೆಯ ಮಗಳು ಅಮೆರಿಕದ ಹೂಸ್ಟನ್ನಿನಲ್ಲಿ ನರ್ಸ್. ಆಗ ರಜೆಯಲ್ಲಿ ಬಂದಿದ್ದರು. ಮರುದಿನ ಬೆಳಿಗ್ಗೆ ಬಲಿಪೂಜೆ ಮುಗಿದೊಡನೆ ನಮ್ಮ ಬಳಿ ಬಂದು, "ಅಚ್ಚಾ, ಇವತ್ತು ಮಧ್ಯಾಹ್ನ ನಮ್ಮ ಮನೆಗೇ ಬನ್ನಿ. ಚಾಚನ್‌ಗೆ ಅಲ್ಲಿಯ ಚಿಲಿ ಮಾಡಿಕೊಡುತ್ತೇನೆ. ನೀವು ಕೂತರೆ ಅವರು ತಿನ್ನುತ್ತಾರೆ, ಇಲ್ಲವೆಂದರೆ ವಾಸನೆ ನೋಡಿ ಎದ್ದುಹೋಗುತ್ತಾರೆ" ಎಂದರು. ಗುರುಗಳಿಗೆ ಇಂಥ ಉಪಯೋಗವೂ ಇದೆ.

ಚಿಲಿ ಎಂದರೆ ಅಲ್ಲಿ ಮೆಣಸಿನಕಾಯಿಯೂ ಹೌದು, ಮೆಣಸಿನಕಾಯಿಯ ರಸದಲ್ಲಿ ನಿಧಾನವಾಗಿ ಬೆಂದ ಮಾಂಸವೂ ಹೌದು. ಟೆಕ್ಸಾಸ್ ರಾಜ್ಯದಲ್ಲಿ ಸಂತ ಅಂತೋಣಿಯವರ ಹೆಸರಿನ ಊರೊಂದಿದೆ, ಸ್ಯಾನ್ ಆಂಟೋನಿಯೊ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ 1930ರ ದಶಕದವರೆಗೆ ಅಲ್ಲಿಯ ಚೌಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆಯ ಹೊತ್ತು ಒಲೆ ಹೂಡಿ ಈ ಮಾಂಸವನ್ನು ಮಾರುತ್ತಿದ್ದರು. 1977ರಲ್ಲಿ ಟೆಕ್ಸಾಸ್ ಇದನ್ನು ರಾಜ್ಯದ ಅಧಿಕೃತ ಭಕ್ಷ್ಯವೆಂದು ಘೋಷಿಸಿತು. ಬೇರೆ ಕಡೆ ಇದಕ್ಕೆ ರಾಜ್ಮಾ ಕಾಳು ಹಾಕುತ್ತಾರೆ. ಟೆಕ್ಸಾಸಿನವರು ಕಾಳು ಹಾಕಿದರೆ ಅದು ಚಿಲಿಯೇ ಅಲ್ಲ ಎಂದು ಜಗಳಕ್ಕೆ ಬರುತ್ತಾರಂತೆ. ಬೆಂದ ರಾಜ್ಮಾದಲ್ಲಿ ನೂರಕ್ಕೆ ಇಪ್ಪತ್ತೆರಡು ಗ್ರಾಂನಷ್ಟು ಪಿಷ್ಟವಿರುವುದರಿಂದ ಆ ಜಗಳದಲ್ಲಿ ನಮ್ಮ ಅಪ್ಪಚ್ಚನ್‌ಗೆ ಲಾಭ.

ಮೆಣಸಿನಕಾಯಿಯೂ ಆ ಕಡೆಯಿಂದಲೇ ಬಂದದ್ದು. ಪೋರ್ಚುಗೀಸರು ತರುವ ಮುಂಚೆ ನಮ್ಮ ಅಡುಗೆಯ ಖಾರ ಮುಖ್ಯವಾಗಿ ಕರಿಮೆಣಸಿನದು. ಹೊಸ ಕಾಯಿಗೆ ಹೆಸರಿಲ್ಲದೆ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದೆವು. ಮಲಯಾಳಿಗಳೂ ಹಾಗೆಯೇ ಮುಳಗ್ ಎಂದರು. ಒಲೆಯ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ನಾವು ವಿವರಿಸುತ್ತಿದ್ದಾಗ ಅಮ್ಮಚ್ಚಿ, "ಅಚ್ಚನ್ ಪ್ರಸಂಗ ಆಮೇಲೆ ಹೇಳಲಿ, ಬೆಳ್ಳುಳ್ಳಿ ಸುಲಿಯಲಿ" ಎಂದರು. ಸುಲಿದೆವು.

ಮಗಳು ಅಮೆರಿಕದಿಂದ ಎರಡು ಸಾಮಾನು ತರಲು ಮರೆತಿದ್ದರು: ಬಣ್ಣಕ್ಕೆ ಹಾಕುವ ಅಲ್ಲಿಯ ಒಣಮೆಣಸು, ಮತ್ತು ಒರೆಗಾನೊ ಎಂಬ ಸೊಪ್ಪು. ಮೊದಲನೆಯದಕ್ಕೆ ಬ್ಯಾಡಗಿ ಮೆಣಸಿನಕಾಯಿ ಸಿಕ್ಕಿತು. ಬಣ್ಣ ಹೆಚ್ಚು, ಖಾರ ಕಡಿಮೆ, ಇದಕ್ಕೆ ಬೇಕಾದದ್ದೂ ಅದೇ. ಎರಡನೆಯದಕ್ಕೆ ಅಮ್ಮಚ್ಚಿ ಹಿತ್ತಲಿಗೆ ಹೋಗಿ ದಪ್ಪ ಎಲೆಗಳನ್ನು ಕಿತ್ತು ತಂದರು. ಮಕ್ಕಳಿಗೆ ಶೀತವಾದಾಗ ರಸ ಹಿಂಡಿ ಕೊಡುವ ದೊಡ್ಡಪತ್ರೆ, ನಮ್ಮ ಕೆಲವು ಕಡೆ ಸಾಂಬಾರಬಳ್ಳಿ ಎನ್ನುವುದು. ಮಗಳು ಮೂಸಿ ನೋಡಿ ಬೆರಗಾದರು. ಅದೇ ವಾಸನೆ!

ಮಾಡುವ ಕ್ರಮ

ಆರು ಜನರಿಗೆ ಅಳತೆ ಹೀಗೆ. ಮಾಂಸ ಒಂದು ಕಿಲೋ; ಕಾಲಿನ ಭಾಗದ್ದಾದರೆ ಒಳ್ಳೆಯದು, ಬೆಂದಂತೆ ರಸ ತಾನೇ ಗಟ್ಟಿಯಾಗುತ್ತದೆ, ಹಿಟ್ಟು ಬೇಡ. ಬ್ಯಾಡಗಿ ಮೆಣಸಿನಕಾಯಿ ಹನ್ನೆರಡು, ಸಣ್ಣ ಈರುಳ್ಳಿ 150 ಗ್ರಾಂ, ಟೊಮೆಟೊ ಎರಡು, ಬೆಳ್ಳುಳ್ಳಿ ಹತ್ತು ಎಸಳು, ಹೆಬ್ಬೆರಳಿನಷ್ಟು ಶುಂಠಿ, ಜೀರಿಗೆ ಒಂದೂವರೆ ದೊಡ್ಡ ಚಮಚ, ಕೊತ್ತಂಬರಿ ಬೀಜ ಒಂದು ದೊಡ್ಡ ಚಮಚ, ಕುಟ್ಟಿದ ಕರಿಮೆಣಸು ಎರಡು ಸಣ್ಣ ಚಮಚ, ಅರಿಶಿನ, ಉಪ್ಪು, ಕರಿಬೇವು, ದೊಡ್ಡಪತ್ರೆ ನಾಲ್ಕು ಎಲೆ, ತೆಂಗಿನಕಾಯಿಯ ತೆಳ್ಳನೆ ಚೂರು ಅರ್ಧ ಬಟ್ಟಲು, ತೆಂಗಿನೆಣ್ಣೆ ಮೂರು ದೊಡ್ಡ ಚಮಚ. ವಯನಾಡಿನವರು ಇದಕ್ಕೆ ಕಾಂತಾರಿ ಮೆಣಸು ನಾಲ್ಕು ಹಾಕದೆ ಬಿಡುವುದಿಲ್ಲ. ನಮ್ಮ ಜೀರಿಗೆ ಮೆಣಸು, ಗಾಂಧಾರಿ ಮೆಣಸು ಎನ್ನುವುದು ಅದೇ. ಹೊಟ್ಟೆ ಉರಿಯವರು ಅದನ್ನು ಬಿಡಿ.

ಮೆಣಸಿನಕಾಯಿಯ ಬೀಜ ಉದುರಿಸಿ, ಬರೀ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಮಾತ್ರ ಬಿಸಿಮಾಡಿ. ಕಪ್ಪಾದರೆ ಕಹಿ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಜೀರಿಗೆ, ಕೊತ್ತಂಬರಿ ಬೇರೆ ಹುರಿದು, ಬೆಳ್ಳುಳ್ಳಿ, ಶುಂಠಿಯ ಜೊತೆ ಎಲ್ಲವನ್ನೂ ನುಣ್ಣಗೆ ಅರೆಯಿರಿ. ಮಾಂಸವನ್ನು ಮಿಷಿನ್ನಿಗೆ ಕೊಡಬೇಡಿ. ಅರ್ಧ ಇಂಚಿನ ತುಂಡುಗಳಾಗಿ ಕೈಯಲ್ಲೇ ಹೆಚ್ಚಿ, ನೀರು ಒರೆಸಿ. ಇಲ್ಲೇ ನಮ್ಮ ಮನೆಗಳಲ್ಲಿ ತಪ್ಪಾಗುವುದು. ಎಲ್ಲ ಮಾಂಸವನ್ನೂ ಒಟ್ಟಿಗೆ ಸುರಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಮೂರು ಕಂತಿನಲ್ಲಿ, ಕಾದ ಎಣ್ಣೆಯಲ್ಲಿ, ಕಂದು ಬಣ್ಣ ಬರುವವರೆಗೆ ಹುರಿದು ತೆಗೆಯಿರಿ. ಅದೇ ಪಾತ್ರೆಯಲ್ಲಿ ತೆಂಗಿನ ಚೂರು, ಈರುಳ್ಳಿ, ಕರಿಬೇವು ಹುರಿದು, ಟೊಮೆಟೊ ಹಾಕಿ, ಅರೆದದ್ದನ್ನು ಸೇರಿಸಿ ಎಣ್ಣೆ ಬಿಡುವವರೆಗೆ ಬಾಡಿಸಿ. ಮಾಂಸ, ಉಪ್ಪು, ಅರಿಶಿನ, ಕಾಂತಾರಿ, ಎರಡು ಲೋಟ ಬಿಸಿನೀರು. ಸಣ್ಣ ಉರಿಯಲ್ಲಿ ಎರಡು ಗಂಟೆ. ಅವಸರವಿದ್ದರೆ ಕುಕ್ಕರಿನಲ್ಲಿ ಐದಾರು ಸೀಟಿ ಕೂಗಿಸಿ, ಆಮೇಲೆ ಮುಚ್ಚಳ ತೆಗೆದು ಅರ್ಧ ಗಂಟೆ ಬತ್ತಿಸಿ. ಇಳಿಸುವ ಹತ್ತು ನಿಮಿಷ ಮುಂಚೆ ಕರಿಮೆಣಸು, ಹೆಚ್ಚಿದ ದೊಡ್ಡಪತ್ರೆ. ಕೊನೆಗೆ ಅರ್ಧ ನಿಂಬೆಹಣ್ಣು.

ಹಿಂದಿನ ದಿನವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ರುಚಿ ಇನ್ನೂ ಹೆಚ್ಚು. ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಚಮಚದಿಂದ ಎತ್ತಿ ಬಿಸಾಡಬಹುದು. ಒಬ್ಬರ ಪಾಲಿಗೆ ಪಿಷ್ಟ ಸುಮಾರು ಹನ್ನೆರಡು ಗ್ರಾಂ. ಅದರಲ್ಲೂ ಒಂದು ಭಾಗ ನಾರು.

ಇನ್ನು "ಅನ್ನವಿಲ್ಲದೆ ಹೇಗೆ" ಎಂಬ ಪ್ರಶ್ನೆ. ಆ ಮಧ್ಯಾಹ್ನ ಅಮ್ಮಚ್ಚಿ ಎಲೆಕೋಸನ್ನು ಸಣ್ಣಗೆ ಹೆಚ್ಚಿ, ತೆಂಗಿನತುರಿ ಹಾಕಿ ಪಲ್ಯ ಮಾಡಿದ್ದರು. ತಟ್ಟೆಯಲ್ಲಿ ಅನ್ನವಿರುವ ಜಾಗದಲ್ಲಿ ಅದು, ಅದರ ಮೇಲೆ ಮಾಂಸ, ಪಕ್ಕದಲ್ಲಿ ಸೌತೆಕಾಯಿ, ನಿಂಬೆರಸ ಹಿಂಡಿದ ಈರುಳ್ಳಿ. ಮಾಂಸ ಸಣ್ಣ ತುಂಡಾಗಿ ಗಟ್ಟಿ ರಸದಲ್ಲಿರುವುದರಿಂದ ಅದೇ ಹೊಟ್ಟೆ ತುಂಬಿಸುತ್ತದೆ, ಕಲಸಿಕೊಳ್ಳಲು ಬೇರೇನೂ ಬೇಡ. ನಮ್ಮ ಮಾಮೂಲಿ ಸಾರಿನಲ್ಲಿ ರಸ ತೆಳುವಾಗಿರುವುದರಿಂದಲೇ ಅನ್ನ ಬೇಕೆನಿಸುವುದು. ಅಪ್ಪಚ್ಚನ್ ಮೊದಲು ಮೂಸಿದರು, ಒಂದು ತುಂಡು ಬಾಯಿಗಿಟ್ಟರು, ಮಗಳ ಕಡೆ ನೋಡಿದರು.

"ಇದು ನಮ್ಮ ಉಲರ್ತಿಯದೇ. ಸ್ವಲ್ಪ ನೀರು ಹೆಚ್ಚಾಗಿದೆ, ಅಷ್ಟೇ. ಇದನ್ನು ಕಲಿಯಲು ಅಷ್ಟು ದೂರ ಹೋಗಬೇಕಿತ್ತಾ?"

ಎರಡನೆಯ ಸಲ ಬಡಿಸಿಕೊಂಡರು. ಅವರ ಗಂಜಿಯ ಬಟ್ಟಲು ಆ ದಿನ ಮೇಜಿಗೇ ಬರಲಿಲ್ಲ. ಎಲ್ಲರೂ ಒಂದೇ ಪಾತ್ರೆಯಿಂದ ಉಂಡೆವು.

ಮೂರನೆಯ ರಾತ್ರಿ

ಕಥೆ ಇಲ್ಲಿಗೇ ಮುಗಿದಿದ್ದರೆ ಈ ಲೇಖನ ಬರೆಯುವುದು ಸುಲಭವಾಗುತ್ತಿತ್ತು. ಮಗಳಿಗೆ ಉತ್ಸಾಹ ಬಂತು. ಮರುದಿನವೂ ಅಪ್ಪಚ್ಚನ್‌ಗೆ ಅನ್ನವಿಲ್ಲ, ಗಂಜಿಯಿಲ್ಲ, ಬೆಳಿಗ್ಗೆ ಮೊಟ್ಟೆ, ಮಧ್ಯಾಹ್ನ ಮೀನು, ರಾತ್ರಿ ಉಳಿದ ಮಾಂಸ. ರಾತ್ರಿ ಎರಡು ಗಂಟೆಯ ಹೊತ್ತಿಗೆ ನಮ್ಮ ಮಿತ್ರರ ಫೋನ್ ಬಡಿದುಕೊಂಡಿತು. ಜೀಪು ತೆಗೆದುಕೊಂಡು ಇಬ್ಬರೂ ಓಡಿದೆವು. ಅಪ್ಪಚ್ಚನ್ ಮೈಯೆಲ್ಲ ಬೆವತು ನಡುಗುತ್ತಿದ್ದರು, ಮಾತು ತೊದಲುತ್ತಿತ್ತು. ಅಮ್ಮಚ್ಚಿ ಜಪಸರ ಹಿಡಿದು ಅಳುತ್ತಿದ್ದರು, ರೋಗಿಗಳ ಅಭ್ಯಂಗಕ್ಕೇ ನಮ್ಮನ್ನು ಕರೆಸಿದ್ದೆಂದು ಅವರ ಎಣಿಕೆ. ಮಗಳು ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 54 ಇತ್ತು. ಎಪ್ಪತ್ತಕ್ಕಿಂತ ಇಳಿದರೇ ಅಪಾಯ. ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಮತ್ತೊಮ್ಮೆ ಕುಡಿಸಿದ ಮೇಲೆ ಅವರು ಸರಿಯಾಗಿ ಕಣ್ಣುಬಿಟ್ಟರು.

ಆದದ್ದು ಇಷ್ಟೇ. ತಟ್ಟೆಯಿಂದ ಪಿಷ್ಟ ಹೋಯಿತು, ಮಾತ್ರೆ ಹಾಗೆಯೇ ಉಳಿಯಿತು. ಅವರು ನುಂಗುತ್ತಿದ್ದುದು ಗ್ಲಿಮಿಪಿರೈಡ್. ನೀವು ಉಂಡರೂ ಉಣ್ಣದಿದ್ದರೂ ಈ ಮಾತ್ರೆ ದೇಹದಿಂದ ಇನ್ಸುಲಿನ್ ಹಿಂಡುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. "ಹದಿನಾಲ್ಕು ವರ್ಷ ನರ್ಸ್ ಆಗಿದ್ದೇನೆ ಅಚ್ಚಾ. ಬೇರೆಯವರ ಅಪ್ಪನಾಗಿದ್ದರೆ ಮೊದಲು ಮಾತ್ರೆ ಕೇಳುತ್ತಿದ್ದೆ" ಎಂದು ಆಕೆ ಬೆಳಗಿನವರೆಗೆ ಹೊಸ್ತಿಲ ಮೇಲೆ ಕುಳಿತೇ ಇದ್ದರು.

ಆದ್ದರಿಂದ ಮೇಲಿನ ಅಡುಗೆಯನ್ನು ಮಾಡುವ ಮುಂಚೆ ಇದನ್ನು ಓದಿ ಎಂದು ನಮ್ಮ ವಿನಂತಿ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ, ಮುದ್ದೆ, ಗೆಣಸನ್ನು ಒಮ್ಮೆಲೇ ನಿಲ್ಲಿಸಬಾರದು. ಊಟ ಹೀಗೆ ಬದಲಾಯಿಸುತ್ತಿದ್ದೇನೆ ಎಂದು ವೈದ್ಯರಿಗೆ ಮೊದಲೇ ಹೇಳಿ, ಮಾತ್ರೆಯ ಪ್ರಮಾಣ ಕೇಳಿ. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತಿನ್ನುವವರು ಪಿಷ್ಟವನ್ನು ತೀರಾ ಇಳಿಸಿದರೆ ರಕ್ತದಲ್ಲಿ ಆಮ್ಲ ಹೆಚ್ಚುವ ಬೇರೆ ಅಪಾಯವಿದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಮಾಂಸದ ಪ್ರಮಾಣವನ್ನೂ ವೈದ್ಯರೇ ಹೇಳಬೇಕು. ಇನ್ನು ಕೆಂಪು ಮಾಂಸ ದಿನಾ ತಿನ್ನುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ಬಹುಶಃ ಕ್ಯಾನ್ಸರ್ ತರಬಲ್ಲವುಗಳ ಪಟ್ಟಿಗೆ ಸೇರಿಸಿದೆ. ವಾರಕ್ಕೆ ಒಂದೆರಡು ಸಲ ಸಾಕು. ಉಳಿದ ದಿನ ಕೋಳಿ, ಮೀನು. ತಪಸ್ಸುಕಾಲದ ಶುಕ್ರವಾರಗಳಲ್ಲಿ ಇದೇ ಮಸಾಲೆಗೆ ಅಣಬೆ ಹಾಕಿ ನಾವೇ ಮಾಡಿ ನೋಡಿದ್ದೇವೆ. ಅರ್ಧ ಗಂಟೆ ಸಾಕು, ರುಚಿ ಚೆನ್ನಾಗಿದೆ.

ನಮ್ಮ ರಾಜ್ಯದ ಓದುಗರಿಗೆ ಇನ್ನೊಂದು ಮಾತು. ವಯನಾಡಿನಲ್ಲಿ ಇದನ್ನು ಮಾಡಿದ್ದು ದನದ ಮಾಂಸದಲ್ಲಿ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನು ದನ, ಎತ್ತು, ಕರುಗಳ ವಧೆಯನ್ನು ನಿಷೇಧಿಸಿದೆ. ಹಂದಿಮಾಂಸ ಅಥವಾ ಆಡಿನ ಮಾಂಸದಲ್ಲಿ ಮಾಡಿ. ಹಂದಿಯದಾದರೆ ಕೊಬ್ಬಿಲ್ಲದ ತುಂಡು ಕೇಳಿ ತನ್ನಿ, ಒಂದು ಗಂಟೆಯೊಳಗೆ ಬೇಯುತ್ತದೆ. ಕೊಡಗಿನವರ ಪಂದಿ ಕರಿಯನ್ನೇ ನೋಡಿ: ಕರಿಮೆಣಸು, ಕಾಚಂಪುಳಿ, ಹುರಿದ ಮಸಾಲೆ, ಪಿಷ್ಟ ಎಲ್ಲಿದೆ? ಅದರ ಜೊತೆ ಬರುವ ಕಡಂಬುಟ್ಟಿನಲ್ಲಿ.

ಈ ವರ್ಷ ಮತ್ತೆ ಆ ಮನೆಗೆ ಹೋಗಿದ್ದೆವು. ವೈದ್ಯರು ಗ್ಲಿಮಿಪಿರೈಡ್ ನಿಲ್ಲಿಸಿ ಬೇರೆ ಮಾತ್ರೆ ಕೊಟ್ಟಿದ್ದಾರೆ. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ಒಂಬತ್ತರ ಮೇಲಿದ್ದದ್ದು ಏಳೂವರೆಗೆ ಇಳಿದಿದೆ. ಇದೆಲ್ಲ ಒಂದು ಪಾತ್ರೆಯ ಮಹಿಮೆ ಎಂದು ನಾವು ಹೇಳುವುದಿಲ್ಲ. ಅವರು ದಿನಾ ಸಂಜೆ ಅಳತೆಯ ಚಪ್ಪಲಿ ಹಾಕಿಕೊಂಡು ಚರ್ಚಿನವರೆಗೆ ನಡೆಯುತ್ತಾರೆ, ರಾತ್ರಿ ಅಮ್ಮಚ್ಚಿ ಅವರ ಪಾದಗಳನ್ನು ಟಾರ್ಚ್ ಹಿಡಿದು ನೋಡುತ್ತಾರೆ. ಮರಗೆಣಸು ಪೂರ್ತಿ ಹೋಗಿಲ್ಲ. ಭಾನುವಾರ ಎರಡು ತುಂಡು, ಬೆಂಕಿಪೆಟ್ಟಿಗೆಯಷ್ಟು ದೊಡ್ಡದು. ಆ ಎರಡು ತುಂಡನ್ನು ಅವರು ಕೊನೆಗೆ ಇಟ್ಟುಕೊಂಡು ತಿನ್ನುತ್ತಾರೆ.

ನಾವು ಊಟಕ್ಕೆ ಕುಳಿತಿದ್ದಾಗಲೇ ಹೂಸ್ಟನ್ನಿನಿಂದ ಮಗಳ ಫೋನ್ ಬಂತು. ಅಲ್ಲಿ ತಾನು ಮಾಡುವ ಚಿಲಿ ಈಗ ಸಪ್ಪೆ ಎನಿಸುತ್ತದಂತೆ, ಅಂಗಡಿಯ ಒರೆಗಾನೊಗೆ ಆ ವಾಸನೆಯೇ ಇಲ್ಲವಂತೆ, ಹಿತ್ತಲಿನ ದೊಡ್ಡಪತ್ರೆ ಹೇಗಾದರೂ ಕಳುಹಿಸಲು ಆಗುತ್ತದೆಯೇ ಎಂದು ಕೇಳುತ್ತಿದ್ದರು. ಗಿಡ, ಸೊಪ್ಪನ್ನೆಲ್ಲ ವಿಮಾನದಲ್ಲಿ ಹಾಗೆ ಬಿಡುವುದಿಲ್ಲ ಎಂದು ನಾವು ಹೇಳಿದೆವು. ಅಪ್ಪಚ್ಚನ್ ಫೋನ್ ಕಿತ್ತುಕೊಂಡು, "ಅದಕ್ಕೇನು, ಇಲ್ಲಿಗೇ ಬಂದು ತಿಂದು ಹೋಗು" ಎಂದರು.